ಮೊದಲು ತುಂಬಿದ್ದು ನೈರೋಬಿ

ಕೀನ್ಯಾಕ್ಕೆ ಉಪಗ್ರಹ ಇಂಟರ್‌ನೆಟ್ ಸೇವೆಯಾದ ಸ್ಟಾರ್‌ಲಿಂಕ್ ಬಂದದ್ದು 2023ರ ಜುಲೈನಲ್ಲಿ. ಕೇಬಲ್ ಹೋಗದ ಊರಿಗೂ ಆಕಾಶದಿಂದ ಇಂಟರ್‌ನೆಟ್ ಇಳಿಯುತ್ತದೆ ಎಂಬ ಭರವಸೆ ಅದರ ಜೊತೆಗೇ ಬಂತು. 2024ರ ನವೆಂಬರ್ ಹೊತ್ತಿಗೆ ಹೊಸ ಚಂದಾದಾರರಿಗೆ ಜಾಗವಿಲ್ಲದಷ್ಟು ಜಾಲ ಭರ್ತಿಯಾಗಿತ್ತು. ಎಲ್ಲಿ? ನೈರೋಬಿ, ಕಿಯಾಂಬು, ಮಚಾಕೋಸ್, ಕಜಿಯಾಡೊಗಳಲ್ಲಿ. ಅಂದರೆ, ರಾಜಧಾನಿ ಮತ್ತು ಅದರ ಆಸುಪಾಸಿನಲ್ಲಿ.

ತಪ್ಪು ತಂತ್ರಜ್ಞಾನದ್ದಲ್ಲ. ಹಳೆಯ ಬಗೆಯ ಸಂವಹನ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಕೇಳಿದ್ದಕ್ಕೆ ಉತ್ತರ ಬರಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ವಿಡಿಯೊ ಕರೆಯಲ್ಲಿ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸುವ ಪಾಡು. ಸ್ಟಾರ್‌ಲಿಂಕ್ ಉಪಗ್ರಹಗಳು ಸುತ್ತುವುದು ಸುಮಾರು 550 ಕಿ.ಮೀ. ಎತ್ತರದಲ್ಲಾದ್ದರಿಂದ ಈ ತೊಡಕಿಲ್ಲ. ಆದರೆ ಒಂದು ಪ್ರದೇಶಕ್ಕೆ ಅವು ಕೊಡಬಲ್ಲ ಸಾಮರ್ಥ್ಯಕ್ಕೆ ಮಿತಿಯಿದೆ. ಮನೆಗಳು ಒತ್ತೊತ್ತಾಗಿರುವಲ್ಲಿ ಅದು ಬೇಗ ತೀರುತ್ತದೆ, ಚದುರಿದ ಊರುಗಳಲ್ಲಿ ಉಳಿಯುತ್ತದೆ. ಮೂಲತಃ ಇದು ಹಳ್ಳಿಗೆ ಹೇಳಿಮಾಡಿಸಿದ ವ್ಯವಸ್ಥೆ. ಮಾರಿದ ರೀತಿ ಮಾತ್ರ ಪೇಟೆಯದು.

2024ರ ಆಗಸ್ಟ್‌ನಲ್ಲಿ ಕಂಪನಿ ತನ್ನ ಡಿಶ್ ಕಿಟ್ಟನ್ನು ತಿಂಗಳಿಗೆ 1,950 ಶಿಲ್ಲಿಂಗ್ ಬಾಡಿಗೆಗೆ ಕೊಡತೊಡಗಿತು. 50 ಜಿಬಿಯ ಯೋಜನೆಗೆ 1,300 ಶಿಲ್ಲಿಂಗ್. ಒಳ್ಳೆಯ ಹೆಜ್ಜೆಯೇ. ಆದರೂ ಎರಡೂ ಸೇರಿ 3,250 ಶಿಲ್ಲಿಂಗ್ ಆಯಿತು. ದೇಶದ ಉತ್ತರದ ತುರ್ಕಾನಾದ ದನಗಾಹಿ ಕುಟುಂಬ ಇದನ್ನು ತಿಂಗಳು ತಿಂಗಳು ಹೊಂದಿಸುವುದು ಹೇಗೆ? ವಿದ್ಯುತ್ ಇಲ್ಲದ ಕಡೆ ಡಿಶ್ ಓಡಿಸಲು ಸೌರಫಲಕ, ಬ್ಯಾಟರಿಗಳ ಖರ್ಚು ಬೇರೆ.

ಪೈಪೋಟಿಯಿಂದ ಲಾಭವಾಗಲಿಲ್ಲ ಎನ್ನುವಂತಿಲ್ಲ. ಉಪಗ್ರಹ ಕಂಪನಿಗಳು ಸ್ಥಳೀಯ ಕಂಪನಿಗಳ ಜೊತೆಗೂಡಿಯೇ ಸೇವೆ ಕೊಡುವಂತಾಗಲಿ ಎಂದು ನಿಯಂತ್ರಣ ಪ್ರಾಧಿಕಾರಕ್ಕೆ ಬರೆದಿದ್ದ ಕೀನ್ಯಾದ ದೂರಸಂಪರ್ಕ ಕಂಪನಿ ಸಫಾರಿಕಾಮ್, ಕೆಲವೇ ವಾರಗಳಲ್ಲಿ ದರ ಏರಿಸದೆ ತನ್ನ ಫೈಬರ್ ವೇಗ ಹೆಚ್ಚಿಸಿತು. ಈ ಲಾಭವೂ ಸಿಕ್ಕಿದ್ದು ಫೈಬರ್ ಇದ್ದವರಿಗೇ.

ಹೋಲಿಸಿ ನೋಡಲು ನಮ್ಮಲ್ಲೇ ಒಂದು ಪ್ರಯೋಗವಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿತು. ರಾಯಚೂರು, ಕಲಬುರಗಿ, ವಿಜಯಪುರ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಊರಿಗೊಂದು ಸಾರ್ವಜನಿಕ ಸೆಟ್ಟು, ಅದರ ದುರಸ್ತಿಗೆ ಏರ್ಪಾಡು. ಕೊರತೆಗಳೂ ಇದ್ದವು: ಹಳ್ಳಿ ನೋಡಬಹುದಿತ್ತು, ಮರುಮಾತಾಡುವಂತಿರಲಿಲ್ಲ, ವರ್ಷ ಮುಗಿದೊಡನೆ ಉಪಗ್ರಹವೂ ಹೊರಟುಹೋಯಿತು. ಆದರೂ ಹಿಂದುಳಿದ ಸೀಮೆಗಳನ್ನು ಮೊದಲು ಆರಿಸಿಕೊಂಡು, ಆಮೇಲೆ ಉಪಕರಣ ಇಟ್ಟ ಆ ಕ್ರಮ ಕೀನ್ಯಾದ ಮಾರಾಟ ಪದ್ಧತಿಗಿಂತ ಎಷ್ಟೋ ಮೇಲು.

ಕೀನ್ಯಾದ ಬಳಿ ಸಾಧನವಿಲ್ಲದೆ ಇಲ್ಲ. ಸೇವೆ ಇಲ್ಲದ ಪ್ರದೇಶಗಳಿಗೆಂದೇ ದೂರಸಂಪರ್ಕ ಕಂಪನಿಗಳಿಂದ ಪಾಲು ಪಡೆಯುವ ಸಾರ್ವತ್ರಿಕ ಸೇವಾ ನಿಧಿ ಅಲ್ಲಿದೆ. ಆ ಹಣದ ಡಿಶ್‌ಗಳು ತುರ್ಕಾನಾ, ಮರ್ಸಾಬಿಟ್, ಮಂಡೇರಾಗಳ ಶಾಲೆ, ಆರೋಗ್ಯ ಕೇಂದ್ರಗಳ ಮಾಡಿನ ಮೇಲೆ ಕೂರಬೇಕು. ಬ್ಯಾಟರಿಯ ಬೆಲೆ, ದುರಸ್ತಿ ಮಾಡುವವರ ಸಂಬಳ ಎರಡೂ ಅದೇ ಲೆಕ್ಕದಲ್ಲಿ ಸೇರಬೇಕು.