ವಾದ್ಯಸಂಗೀತದಲ್ಲಿ ಪುರವರ್ಣನೆ

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳನ್ನು ವಿಧಿಸಿದ ನಮ್ಮ ಲಾಕ್ಷಣಿಕರು ಅವುಗಳಲ್ಲಿ ಪುರವರ್ಣನೆಗೂ ಸ್ಥಾನವಿತ್ತಿರುವರು. ಕವಿಗೆ ಮಾತಿನ ಬಲವಿದೆ. ಕೋಟೆಯನ್ನು ಕೋಟೆಯೆಂದೇ ಹೆಸರಿಸಿ ಮುಂದೆ ನಡೆಯಬಲ್ಲನು. ಸಾಹಿತ್ಯವಿಲ್ಲದ ವಾದ್ಯಸಂಗೀತಕ್ಕೆ ಈ ಸೌಕರ್ಯವಿಲ್ಲ. ಅದು ನಗರವೊಂದನ್ನು ವರ್ಣಿಸಬಲ್ಲುದೆ ಎಂಬುದು ಕಾವ್ಯಮೀಮಾಂಸೆಯನ್ನು ಬೋಧಿಸುವವರೂ ಆಲೋಚಿಸತಕ್ಕ ಪ್ರಶ್ನೆ. ಅಮೆರಿಕದ ರಚನಕಾರರಾದ ಆಂಡ್ರೂ ನಾರ್ಮನ್ನರ (ಜನನ 1979) ‘ದಿ ಕಂಪ್ಯಾನಿಯನ್ ಗೈಡ್ ಟು ರೋಮ್’ (2010) ಇದಕ್ಕೆ ಒಳ್ಳೆಯ ನಿಕಷ.

ಪಿಟೀಲು, ವಿಯೋಲಾ, ಚೆಲ್ಲೋ ಎಂಬ ಮೂರೇ ತಂತೀವಾದ್ಯಗಳಿಗಾಗಿ ರಚಿತವಾದ ಈ ಕೃತಿಯಲ್ಲಿ ಒಂಬತ್ತು ಖಂಡಗಳಿವೆ. ನಾರ್ಮನ್ನರು 2006–07ರಲ್ಲಿ ರೋಮಿನಲ್ಲಿದ್ದಾಗ ಕಂಡ ಒಂಬತ್ತು ಕ್ರೈಸ್ತ ದೇವಾಲಯಗಳೇ ಇವುಗಳ ಮೂಲ. ಆದರೆ ಶೀರ್ಷಿಕೆಗಳಲ್ಲಿ ಕಟ್ಟಡದ ಸುಳಿವಿಲ್ಲ. ತೆರೇಸಾ, ಇವೋ, ಕ್ಲೆಮೆಂತೆ, ಚೆಚೀಲಿಯಾ, ಸಾಬಿನಾ ಎಂದು ಸಂತರ ಬರಿಯ ಹೆಸರುಗಳಷ್ಟೇ ಇವೆ. 2012ರ ಪುಲಿಟ್ಜರ್ ಸಂಗೀತ ಪಾರಿತೋಷಕಕ್ಕೆ ಈ ಕೃತಿಯು ಕಡೆಯ ಸುತ್ತಿನವರೆಗೂ ಪರಿಗಣಿತವಾಗಿತ್ತು.

ಇದೇ ನಗರವನ್ನು ಹಿಂದೆ ರೆಸ್ಪೀಗಿಯು ದೊಡ್ಡ ಮೇಳಕ್ಕೆ ತಂದಿದ್ದನು. ಅವನ ‘ರೋಮಿನ ಕಾರಂಜಿಗಳು’ (1916) ನಾಲ್ಕು ಕಾರಂಜಿಗಳನ್ನು ಬೆಳಗಿನಿಂದ ಸಂಜೆಯವರೆಗಿನ ನಾಲ್ಕು ಹೊತ್ತುಗಳಲ್ಲಿ ತೋರಿಸುವುದು. ಕಾರಂಜಿ ಚಲಿಸುವ ವಸ್ತು, ಅದಕ್ಕೆ ಸ್ವಂತ ದನಿಯೂ ಉಂಟು. ಸಂಗೀತಕ್ಕೆ ಅದು ಎಟುಕುವುದು ಸಹಜ. ‘ರೋಮಿನ ಪೈನ್ ಮರಗಳು’ (1924) ಎಂಬುದರಲ್ಲಿಯಾದರೋ ಅವನು ನೈಟಿಂಗೇಲ್ ಹಕ್ಕಿಯ ಕೂಗನ್ನು ಗ್ರಾಮಫೋನ್ ತಟ್ಟೆಯಿಂದಲೇ ಕೇಳಿಸಿದನು. ವರ್ಣಿಸುವುದನ್ನು ಬಿಟ್ಟು ವಸ್ತುವನ್ನೇ ತಂದಿಟ್ಟಂತಾಯಿತು! ನಾರ್ಮನ್ನರ ಮುಂದಿದ್ದುದು ಅಲುಗದ, ಉಲಿಯದ ಕಲ್ಲು.

ದೇವಾಲಯಗಳ ಪ್ರಮಾಣ, ನೆಲಗಟ್ಟಿನ ವಿನ್ಯಾಸ, ಗೋಡೆಯ ಚಿತ್ರ, ಸಂತರ ಐತಿಹ್ಯ ಇವೆಲ್ಲ ತಮಗೆ ಪ್ರೇರಕವಾದುವೆಂದೂ, ಬರೆಯುತ್ತ ಹೋದಂತೆ ಕಟ್ಟಡಗಳು ಹಿಂದೆ ಸರಿದು ಆ ಹೆಸರುಗಳೇ ಕಲ್ಪಿತ ವ್ಯಕ್ತಿಗಳಾಗಿ ತಮಗೆ ಒಡನಾಡಿಗಳಾದರೆಂದೂ ನಾರ್ಮನ್ನರು ತಿಳಿಸಿರುವರು. ಪ್ರವಾಸದ ಕೈಪಿಡಿಯೊಂದರ ಹೆಸರನ್ನು ಕೃತಿಗೆ ಇಟ್ಟುದರ ಶ್ಲೇಷೆ ಇದರಿಂದ ಬಿಡುವುದು. ಮಾತು ಸೊಗಸಾಗಿದೆ, ಆದರೆ ಅದನ್ನು ಪೂರ್ತಿಯಾಗಿ ಒಪ್ಪಲಾರೆನು. ನೆಲಗಟ್ಟಿನ ವಿನ್ಯಾಸವು ರಚನೆಗೆ ಕಾರಣವಾಗಿರಬಹುದು. ಕಾರಣವಾದ ಮಾತ್ರಕ್ಕೆ ಅದು ಕೇಳುವವನಿಗೆ ಅರ್ಥವಾಗಿ ಪರಿಣಮಿಸದು. ಹೆಸರನ್ನು ಮರೆಸಿ ಕೇಳಿಸಿದರೆ ‘ಇವೋ’ ಎಂಬ ಖಂಡದಿಂದ ಬೊರ್ರೊಮೀನಿಯ ಗುಮ್ಮಟವನ್ನು ಯಾರು ಊಹಿಸಿಯಾರು? ಅಲ್ಲಿ ಹೊರೆಯನ್ನೆಲ್ಲ ಹೊತ್ತಿರುವುದು ಶೀರ್ಷಿಕೆಯೇ.

ಕಡೆಯದಾದ ‘ಸಾಬಿನಾ’ದಲ್ಲಿ ಹಾಗಲ್ಲ. ಅವೆಂಟೀನ್ ಬೆಟ್ಟದ ಮೇಲಿನ, ಐದನೆಯ ಶತಮಾನದ ಸಾಂತಾ ಸಾಬಿನಾದ ಕಿಟಕಿಗಳಿಗೆ ಗಾಜಿನ ಬದಲು ಸೆಲೆನೈಟ್ ಎಂಬ ತೆಳುಗಲ್ಲಿನ ಹಲ್ಲೆಗಳುಂಟು. ಅವುಗಳೊಳಗಿಂದ ಬೆಳಕು ಸೋಸಿ ಬರುವುದು. ಮುಂಜಾವಿನಲ್ಲಿ ಕಂಡ ಈ ನೋಟವನ್ನು ಸಂಗೀತವು ನಕಲಿಸುವುದಿಲ್ಲ. ಕಮಾನು ತಂತಿಯನ್ನು ಸವರುವ ಉಸಿರಿನಂಥ ಸಪ್ಪಳದಿಂದ ಹೊರಟು, ಸ್ವರವೋ ಅಲ್ಲವೋ ಎಂಬ ಮಸುಕಿನಲ್ಲಿ ಬಹಳ ಹೊತ್ತು ನಿಂತು, ಮೆಲ್ಲಮೆಲ್ಲನೆ ತುಂಬುನಾದಕ್ಕೆ ಏರುವುದು. ಬೆಳಗಾಗುವುದು ಕಾಲದಲ್ಲಿ ನಡೆಯತಕ್ಕ ವ್ಯಾಪಾರ, ಸಂಗೀತವೂ ಹಾಗೆಯೇ. ರೋಮನ್ನು ಕಾಣದವನಿಗೂ ಏನೋ ತೆರೆದುಕೊಳ್ಳುತ್ತಿದೆ ಎಂಬ ಅನುಭವವು ತಪ್ಪದು. ಆ ಕಿಟಕಿಯ ವಿಷಯ ತಿಳಿದವನಿಗೆ ಅದೇ ಅನುಭವಕ್ಕೆ ಒಂದು ಸ್ಥಳ ದೊರೆಯುವುದು. ಧ್ವನಿಕಾರನು ವಾಚ್ಯಕ್ಕೂ ವ್ಯಂಗ್ಯಕ್ಕೂ ಮಾಡಿದ ಭೇದವನ್ನು ವಿದ್ಯಾರ್ಥಿಗಳಿಗೆ ತಿಳಿಸುವಾಗ, ಪದ್ಯವಿಲ್ಲದ ಈ ಉದಾಹರಣೆಯನ್ನೂ ಧಾರಾಳವಾಗಿ ಬಳಸಬಹುದು. ‘ಸಾಬಿನಾ’ವನ್ನು ಒಂಟಿ ವಾದ್ಯದಲ್ಲಿ ನುಡಿಸುವ ಪಾಠಗಳೂ ಉಂಟು, ಉಳಿದ ಎಂಟರ ನೆರವಿಲ್ಲದೆ ಅದು ಅಲ್ಲಿಯೂ ನಿಲ್ಲುವುದು.