ರೆಸ್ಯೂಮ್ ಗುಂಡಿಯ ನೆನಪಿನ ಶಕ್ತಿ

ಶುಕ್ರವಾರ ರಾತ್ರಿ ಕೆಂಗೇರಿ ದಾಟಿ ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ನಾನು ಮಾಡುವ ಮೊದಲ ಕೆಲಸ ಸ್ಟಿಯರಿಂಗ್ ಮೇಲಿರುವ ಕ್ರೂಸ್ ಗುಂಡಿ ಒತ್ತೋದು. ಸ್ಪೀಡು 95ಕ್ಕೆ ಬಂದಾಗ ‘ಸೆಟ್’. ಆಮೇಲೆ ಬಲಗಾಲನ್ನ ಪೆಡಲ್‌ನಿಂದ ತೆಗೆದು, ಸೀಟಿನ ಕಡೆ ಎಳ್ಕೊಂಡು, ಬೆರಳುಗಳನ್ನ ಒಂದ್ಸಲ ಮಡಚಿ ಬಿಚ್ಚಿ ಆರಾಮಾಗಿ ಇಡ್ತೀನಿ. ಐದು ದಿನ ಔಟರ್ ರಿಂಗ್ ರೋಡಲ್ಲಿ ಬ್ರೇಕಿಗೂ ಆಕ್ಸಿಲರೇಟರಿಗೂ ನಡುವೆ ಕುಣಿದು ಸುಸ್ತಾದ ಕಾಲು ಅದು. ಆ ಸುಖ ಸುಳ್ಳಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬೈಯೋದಿದೆ.

ನಮ್ಮೂರಿರೋದು ಪಿರಿಯಾಪಟ್ಟಣ ತಾಲ್ಲೂಕಲ್ಲಿ. ಅಕ್ಕನ್ನ ಕೊಟ್ಟಿರೋದು ಕೆ.ಆರ್. ನಗರದ ಕಡೆ. ದೊಡ್ಡಮ್ಮ ಎಚ್.ಡಿ. ಕೋಟೆಯಲ್ಲಿದ್ದಾರೆ. ಈ ಮೂರಕ್ಕೂ ಮಧ್ಯೆ ಹುಣಸೂರು ಕೂತಿದೆ, ಯಾವ ಕಡೆ ಹೋದ್ರೂ ಒಂದು ಟೀ ಅಲ್ಲೇ. ಹಾಗಾಗಿ ತಿಂಗಳಿಗೆ ಎರಡು ಸಲವಾದ್ರೂ ಬೆಂಗಳೂರಿಂದ ಮೈಸೂರು, ಅಲ್ಲಿಂದ ಈ ನಾಲ್ಕು ತಾಲ್ಲೂಕುಗಳ ರಸ್ತೆ ಸುತ್ತೋದು ನನ್ನ ಹಣೆಬರಹ. ಕಾರು ತಗೊಳ್ಳೋವಾಗ ಕ್ರೂಸ್ ಕಂಟ್ರೋಲ್ ಇರೋ ವೇರಿಯಂಟೇ ಬೇಕು ಅಂತ ಎಕ್ಸ್‌ಟ್ರಾ ದುಡ್ಡು ಕೊಟ್ಟಿದ್ದೂ ಇದಕ್ಕೇ.

ತಗೊಳ್ಳೋಕೆ ಮುಂಚೆ ನೋಡಿದ ರಿವ್ಯೂ ವಿಡಿಯೋಗಳಿಗೆ ಲೆಕ್ಕ ಇಲ್ಲ. ಎಲ್ಲದರಲ್ಲೂ ಕ್ರೂಸ್ ಕಂಟ್ರೋಲ್ ಅನ್ನೋದು ಒಂದು ಟಿಕ್ ಮಾರ್ಕು. ಸನ್‌ರೂಫ್ ಇದೆ, ಟಿಕ್. ವೈರ್‌ಲೆಸ್ ಚಾರ್ಜರ್ ಇದೆ, ಟಿಕ್. ಕ್ರೂಸ್ ಇದೆ, ಟಿಕ್. ಸಿನಿಮಾ ವಿಮರ್ಶೆ ಮಾಡೋರು ‘ಫೈಟ್ ಇದೆ, ಹಾಡು ಇದೆ, ಅಮ್ಮನ ಸೆಂಟಿಮೆಂಟ್ ಇದೆ’ ಅಂತ ಪಟ್ಟಿ ಕೊಟ್ಟು ನಾಲ್ಕು ಸ್ಟಾರ್ ಹಾಕಿದ್ರೆ ನಾವು ಒಪ್ತೀವಾ? ಅದು ಕಥೆಗೆ ಏನು ಮಾಡ್ತು ಅಂತ ಕೇಳ್ತೀವಿ. ಕಾರಿನ ವಿಷಯದಲ್ಲಿ ಕಥೆ ಅಂದ್ರೆ ರಸ್ತೆ. ಯಾವ ರಸ್ತೇಲಿ, ಯಾರ ಮಧ್ಯೆ ಅನ್ನೋ ಪ್ರಶ್ನೆಯನ್ನ ನಾನು ನೋಡಿದ ಒಬ್ಬ ರಿವ್ಯೂವರೂ ಕೇಳಲಿಲ್ಲ.

ಎಕ್ಸ್‌ಪ್ರೆಸ್‌ವೇಯಿಂದಲೇ ಶುರು ಮಾಡೋಣ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ರಸ್ತೆ ಸುಮಾರು 118 ಕಿಲೋಮೀಟರ್. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಸ್ಕೂಟರು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ಇಲ್ಲ. ಮಿತಿ 100. ಮೇಲೆ ಕ್ಯಾಮೆರಾ. 2024ರ ಆಗಸ್ಟಿನಿಂದ 130 ದಾಟಿದ್ರೆ ಎಫ್‌ಐಆರ್ ಅಂತ ರಾಜ್ಯದ ಪೊಲೀಸರು ಹೇಳಿದ್ದಾರೆ. ಇಂಥ ಕಡೆ ಕ್ರೂಸ್ ನಿಜವಾಗಿಯೂ ಒಳ್ಳೇ ಸ್ನೇಹಿತ. ಹಾಡು ಜೋರಾದ ಹಾಗೆ ಕಾಲೂ ಜೋರಾಗೋದು ನಮ್ಮ ಎಲ್ಲರಿಗೂ ಇರೋ ಕಾಯಿಲೆ. 95ಕ್ಕೆ ಕಟ್ಟಿಹಾಕಿದ್ರೆ ಆ ಕಾಯಿಲೆ ಇಲ್ಲ, ಮನೆಗೆ ಚಲನ್ ಬರಲ್ಲ. ಸಮತಟ್ಟು ರಸ್ತೇಲಿ ಒಂದೇ ವೇಗದಲ್ಲಿ ಹೋಗೋದ್ರಿಂದ ಮೈಲೇಜೂ ಸ್ವಲ್ಪ ಸಿಗುತ್ತೆ.

ಆದ್ರೆ ಒಂದು ವಿಷಯ ಗಮನಿಸಿ. ಆ ರಸ್ತೆ ಕ್ರೂಸ್‌ಗೆ ಒಗ್ಗಿದ್ದು ಹೇಗೆ? ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು, ಊರಿನ ಬೈಕನ್ನ ಸರ್ವೀಸ್ ರಸ್ತೆಗೆ ಇಳಿಸಿ, ಎರಡೂ ಕಡೆ ಬೇಲಿ ಹಾಕಿದ ಮೇಲೆ. ಜನರನ್ನ ತೆಗೆದ ಮೇಲೆ ಕೆಲಸ ಮಾಡೋ ಯಂತ್ರ ಇದು. ತೆಗೆದಿದ್ದು ಸರಿಯೋ ತಪ್ಪೋ ಅನ್ನೋ ಜಗಳ ಬೇರೆ ದಿನಕ್ಕಿರಲಿ. ಆ ಬೈಕಿನವರ ಜೀವ ಉಳಿಸೋದಕ್ಕೇ ಆ ನಿಯಮ ಬಂತು ಅನ್ನೋದೂ ನಿಜ.

ಈ ಯಂತ್ರದ ಹುಟ್ಟಿನ ಕಥೆಯೂ ಚೆನ್ನಾಗಿದೆ. ಕಂಡುಹಿಡಿದಿದ್ದು ರಾಲ್ಫ್ ಟೀಟರ್ ಅನ್ನೋ ಅಮೆರಿಕದ ಎಂಜಿನಿಯರ್. ಐದನೇ ವಯಸ್ಸಿಗೇ ಎರಡೂ ಕಣ್ಣು ಹೋಗಿತ್ತು. ಅವರ ವಕೀಲರು ಕಾರು ಓಡಿಸ್ತಾ ಮಾತಾಡೋವಾಗ ನಿಧಾನ ಮಾಡ್ತಿದ್ರಂತೆ, ಕೇಳಿಸಿಕೊಳ್ಳೋವಾಗ ಜೋರು ಮಾಡ್ತಿದ್ರಂತೆ. ಪಕ್ಕದಲ್ಲಿ ಕೂತ ಟೀಟರ್‌ಗೆ ಈ ಎಳೆದಾಟದಿಂದ ರೋಸಿಹೋಗಿ, ವೇಗ ಒಂದೇ ಸಮ ಇಡೋ ಸಾಧನದ ಯೋಚನೆ ಬಂತು ಅಂತ ಕಥೆ. 1950ರಲ್ಲಿ ಪೇಟೆಂಟ್ ಸಿಕ್ತು, 1958ರ ಕ್ರೈಸ್ಲರ್ ಕಾರುಗಳಲ್ಲಿ ಮಾರಾಟಕ್ಕೆ ಬಂತು. ನನಗೆ ಇದರಲ್ಲಿ ಇಷ್ಟವಾಗೋದು ಏನಂದ್ರೆ, ಇದು ಡ್ರೈವರ್ ಕಷ್ಟಕ್ಕೆ ಹುಟ್ಟಿದ್ದಲ್ಲ, ಪಕ್ಕದಲ್ಲಿ ಕೂತವರ ಕಷ್ಟಕ್ಕೆ ಹುಟ್ಟಿದ್ದು. ಕಾರಿನ ಒಳಗಿರೋರ ನೆಮ್ಮದಿ ಅದರ ಗುರಿ. ಹೊರಗಿರೋರು ಆ ಕಥೆಯಲ್ಲಿ ಬರೋದೇ ಇಲ್ಲ.

ಈಗ ಮೈಸೂರು ರಿಂಗ್ ರೋಡು ಸುತ್ತಿ ಹಿನಕಲ್ ದಾಟಿ ಹುಣಸೂರು ರಸ್ತೆಗೆ ಬನ್ನಿ. ಹೊರಗಿರೋರು ಶುರುವಾಗೋದು ಇಲ್ಲಿಂದ. ಇಲವಾಲ, ಬಿಳಿಕೆರೆ, ಹುಣಸೂರು, ಕಂಪಲಾಪುರ, ಪಿರಿಯಾಪಟ್ಟಣ, ಬೈಲಕುಪ್ಪೆ. ಇದೂ ಅದೇ ರಾಷ್ಟ್ರೀಯ ಹೆದ್ದಾರಿ 275. ನಂಬರು ಒಂದೇ, ಸ್ವಭಾವ ಬೇರೆ. ಕೊಡಗಿಗೆ ಹೋಗೋ ಟೂರಿಸ್ಟ್ ಕಾರುಗಳ ಅವಸರ ಒಂದು ಕಡೆ, ತಂಬಾಕು ಹರಾಜು ಶುರುವಾದ್ರೆ ಬೇಲ್ ತುಂಬಿದ ಟೆಂಪೋಗಳು ಇನ್ನೊಂದು ಕಡೆ. ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರು. ಬಣ್ಣ ಹೋದ ಹಂಪು. ರಸ್ತೆ ಬೇರೆ ಸಣ್ಣ ಸಣ್ಣ ಏರು-ಇಳಿತ. ಏರಲ್ಲಿ ಮನುಷ್ಯ ಆದ್ರೆ ವೇಗ ಸ್ವಲ್ಪ ಬಿಟ್ಟುಕೊಟ್ಟು, ಇಳಿತದಲ್ಲಿ ವಾಪಸ್ ಪಡೀತಾನೆ. ಕ್ರೂಸ್‌ಗೆ ಈ ಕೊಡು-ಕೊಳ್ಳು ಗೊತ್ತಿಲ್ಲ, ಹೇಳಿದ ನಂಬರ್ ಉಳಿಸೋಕೆ ಎಂಜಿನ್ನನ್ನ ಹಿಂಡುತ್ತೆ. ಎಕ್ಸ್‌ಪ್ರೆಸ್‌ವೇಲಿ ಸಿಕ್ಕ ಮೈಲೇಜು ಇಲ್ಲಿ ಸೋರಿಹೋಗುತ್ತೆ.

ಕೋಟೆ ರಸ್ತೆ ಇನ್ನೊಂದು ಥರ. ಹಂಪಾಪುರದ ತನಕ ಏನೋ ಪರವಾಗಿಲ್ಲ. ಹ್ಯಾಂಡ್ ಪೋಸ್ಟ್ ದಾಟಿ ಅಂತರಸಂತೆ, ಬಾವಲಿ ಕಡೆ ಹೋದ್ರೆ ಕಾಡು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಗೇಟೇ ಹಾಕ್ತಾರೆ. ಹುಣಸೂರಿಂದ ನಾಗರಹೊಳೆ ಕಡೆ ತಿರುಗಿದ್ರೆ ವೀರನಹೊಸಹಳ್ಳಿ, ದಸರಾ ಆನೆಗಳಿಗೆ ಪೂಜೆ ಮಾಡಿ ಗಜಪಯಣ ಹೊರಡಿಸೋ ಜಾಗ. ಪೂಜೆ ಮಾಡಿಸಿಕೊಳ್ಳದ ಆನೆಗಳೂ ಅಲ್ಲಿ ರಸ್ತೆ ದಾಟ್ತವೆ. ಇಲ್ಲಿ ಕ್ರೂಸ್ ಹಾಕೋನಿಗೆ ಏನು ಹೇಳೋದು?

‘ಹಳೇ ಕ್ರೂಸ್ ಬಿಡಿ ಸಾರ್, ಈಗ ಅಡಾಪ್ಟಿವ್ ಬಂದಿದೆ’ ಅಂತ ಆಫೀಸಲ್ಲಿ ಗೆಳೆಯರೊಬ್ಬರು ವಾದ ಮಾಡ್ತಾರೆ. ಅವರ ಕಾರಲ್ಲಿ ರೇಡಾರ್ ಇದೆ, ಕ್ಯಾಮೆರಾ ಇದೆ. ಮುಂದಿನ ಕಾರು ನಿಧಾನ ಮಾಡಿದ್ರೆ ಅವರ ಕಾರೂ ತಾನೇ ನಿಧಾನ ಮಾಡುತ್ತೆ. ಒಪ್ಪಿದೆ, ದೊಡ್ಡ ಸುಧಾರಣೆ. ನಾನೂ ಒಂದ್ಸಲ ಓಡಿಸಿ ನೋಡಿದೆ. ತಿರುವಿನಲ್ಲಿ ಮುಂದಿನ ಬಸ್ಸು ಅದರ ಕಣ್ಣಿಂದ ಜಾರಿದ ತಕ್ಷಣ, ‘ರಸ್ತೆ ಖಾಲಿ’ ಅಂದ್ಕೊಂಡು ಕಾರು ಮುಂದಕ್ಕೆ ನುಗ್ಗಿತು. ಬಸ್ಸು ಎಲ್ಲೂ ಹೋಗಿರಲಿಲ್ಲ, ತಿರುವು ತಗೊಂಡಿತ್ತು ಅಷ್ಟೆ. ನಿಂತ ವಾಹನ, ದನ, ನಡೆದು ಹೋಗೋರು ಇವರನ್ನ ಗುರುತಿಸದೇ ಇರಬಹುದು ಅಂತ ಇಂಥ ಕಾರುಗಳ ಮ್ಯಾನ್ಯುಯಲ್‌ನಲ್ಲೇ ಬರೆದಿರ್ತಾರೆ. ಮ್ಯಾನ್ಯುಯಲ್ ಯಾರು ಓದ್ತಾರೆ? ಅದು ಗ್ಲೋವ್ ಬಾಕ್ಸಲ್ಲಿ ಇನ್ಶೂರೆನ್ಸ್ ಪೇಪರ್ ಮಡಚದ ಹಾಗೆ ಇಡೋಕೆ ಇರೋದು. ಆದ್ರೂ ಅವರ ಇನ್ನೊಂದು ಮಾತನ್ನ ತಳ್ಳಿಹಾಕಲಾರೆ. ಕಾಲಿಗೆ ರೆಸ್ಟ್ ಸಿಕ್ಕಿದ್ರೆ ಗಮನ ಪೂರ್ತಿ ಕಣ್ಣಿಗೆ ಹೋಗುತ್ತೆ ಅಂತಾರೆ. ಮೊದಲ ಅರ್ಧ ಗಂಟೆ ಹೌದು. ಆಮೇಲೆ ನನ್ನ ಗಮನ ಹೋಗಿದ್ದು ಪ್ಲೇಲಿಸ್ಟಿಗೆ, ಸೋಮವಾರದ ಮೀಟಿಂಗಿಗೆ, ಒಂದೆರಡು ಸಲ ಆಕಳಿಕೆಗೆ.

ನನ್ನ ದೊಡ್ಡ ತಕರಾರು ಇರೋದು ಕ್ರೂಸ್ ಮೇಲೂ ಅಲ್ಲ, ಅದರ ಪಕ್ಕದ ‘ರೆಸ್ಯೂಮ್’ ಗುಂಡಿ ಮೇಲೆ. ಬ್ರೇಕ್ ಒತ್ತಿದ್ರೆ ಕ್ರೂಸ್ ಬಿಟ್ಟುಕೊಳ್ಳುತ್ತೆ. ಆಮೇಲೆ ರೆಸ್ಯೂಮ್ ಒತ್ತಿದ್ರೆ ಮೊದಲಿದ್ದ ವೇಗಕ್ಕೆ ವಾಪಸ್. ಎಷ್ಟು ಸ್ಪೀಡಲ್ಲಿದ್ದೆ ಅನ್ನೋದು ಅದಕ್ಕೆ ನೆನಪಿರುತ್ತೆ. ಯಾಕೆ ನಿಧಾನ ಮಾಡಿದೆ ಅನ್ನೋದು ನೆನಪಿರಲ್ಲ. ಎಕ್ಸ್‌ಪ್ರೆಸ್‌ವೇಲಿ ಇದರಿಂದ ತೊಂದರೆ ಇಲ್ಲ, ನಿಧಾನ ಮಾಡಿದ ಕಾರಣ ಹಿಂದೆ ಹೋಗಿರುತ್ತೆ. ಊರ ರಸ್ತೇಲಿ ಕಾರಣಗಳು ಒಂದೊಂದೇ ಬರಲ್ಲ. ಒಂದು ಕುರಿ ದಾಟಿದ್ರೆ ಹಿಂದೆ ಇಪ್ಪತ್ತು ಇರ್ತವೆ. ಒಬ್ಬ ಹುಡುಗ ಸೈಕಲ್ಲಲ್ಲಿ ಬಂದ ಅಂದ್ರೆ ಸ್ಕೂಲ್ ಬಿಟ್ಟಿದೆ ಅಂತ ಅರ್ಥ. ನಿಧಾನ ಮಾಡಿದ ಕಾಲಿಗೆ ಇದು ಗೊತ್ತಿರುತ್ತೆ, ಅದು ಸ್ವಲ್ಪ ಹೊತ್ತು ಅನುಮಾನದಲ್ಲೇ ಪೆಡಲ್ ಮೇಲೆ ಕೂತಿರುತ್ತೆ. ಗುಂಡಿಗೆ ಅನುಮಾನ ಇಲ್ಲ.

ಇದನ್ನ ಕಲಿತಿದ್ದು ಕಳೆದ ಸಂಕ್ರಾಂತಿ ಸಮಯದಲ್ಲಿ. ಹುಣಸೂರಿಂದ ಕೆ.ಆರ್. ನಗರದ ಕಡೆ, ಅಕ್ಕನ ಮನೆಗೆ ಹೊರಟಿದ್ದೆ. ಸಂಜೆ ನಾಲ್ಕೂವರೆ ಇರಬಹುದು. ರಸ್ತೆ ಖಾಲಿ ಕಂಡು 72ಕ್ಕೆ ಸೆಟ್ ಮಾಡಿದ್ದೆ. ಸ್ವಲ್ಪ ದೂರದಲ್ಲಿ ಅರ್ಧ ರಸ್ತೆಗೆ ರಾಗಿ ಹಾಸಿದ್ರು. ಬ್ರೇಕ್ ಒತ್ತಿ 45ಕ್ಕೆ ಇಳಿದು ಪಕ್ಕದಲ್ಲಿ ದಾಟಿದೆ. ದಾಟಿದ ಕೂಡಲೇ ಹೆಬ್ಬೆರಳು ತಾನಾಗೇ ರೆಸ್ಯೂಮ್ ಮೇಲೆ ಹೋಯ್ತು. ಕಾಲು ಮತ್ತೆ ಸೀಟಿನ ಕೆಳಗೆ.

ಸಣ್ಣ ತಿರುವು. ಆಚೆಗೆ ಇನ್ನೊಂದು ಹಾಸು, ಈ ಸಲ ಪೂರ್ತಿ ಅಗಲಕ್ಕೆ. ಮಧ್ಯದಲ್ಲಿ ಒಬ್ಬ ಅಜ್ಜಿ ಬಗ್ಗಿ ಪೊರಕೇಲಿ ಗುಡಿಸ್ತಿದ್ರು. ಕಾರು ಹುರುಪಿನಿಂದ 72ರ ಕಡೆ ಏರ್ತಾ ಇತ್ತು. 72 ಅಂದ್ರೆ ಸೆಕೆಂಡಿಗೆ 20 ಮೀಟರ್. ಮಡಚಿಟ್ಟ ಕಾಲನ್ನ ಎಳೆದು ಬ್ರೇಕ್ ಹುಡುಕೋಕೆ ಅರ್ಧ ಸೆಕೆಂಡ್ ಅಂತಿಟ್ಟುಕೊಳ್ಳಿ, ಹತ್ತು ಮೀಟರ್ ಹೋಯ್ತು. ಬ್ರೇಕ್ ಒತ್ತಿದ ಮೇಲೂ ಒಣಹುಲ್ಲಿನ ಮೇಲೆ ಟೈರು ಹಿಡಿಯಲ್ಲ, ಜಾರುತ್ತೆ. ಎಬಿಎಸ್ ಕಾಲಿನ ಕೆಳಗೆ ಗಡಗಡ ಅಂತಿತ್ತು. ಕಾರು ಸ್ವಲ್ಪ ಓರೆಯಾಗಿ, ಅಜ್ಜಿಗಿಂತ ಎರಡು ಮಾರು ಈಚೆ ನಿಂತಿತು.

ರಸ್ತೇಲಿ ಒಕ್ಕಣೆ ಮಾಡೋದು ತಪ್ಪು ಅಂತ ನೀವು ಹೇಳಬಹುದು. ತಪ್ಪೇ. ಬೈಕಿನವರು ಜಾರಿ ಬಿದ್ದು ಸತ್ತಿದ್ದಾರೆ, ಹುರುಳಿ ಸೊಪ್ಪು ಕಾರಿನಡಿ ಸುತ್ತಿಕೊಂಡು ಬೆಂಕಿ ಹತ್ತಿದ ಸುದ್ದಿಗಳೂ ಬಂದಿವೆ. ಸುಗ್ಗಿ ಬಂದ್ರೆ ಅಧಿಕಾರಿಗಳು ಎಚ್ಚರಿಕೆ ಕೊಡ್ತಾರೆ. ಆದ್ರೆ ನಮ್ಮನೇಲೇ ನೋಡಿದ್ದೀನಿ. ತಾತನ ಕಾಲದಲ್ಲಿ ಹೊಲದಲ್ಲಿ ಸಗಣಿ ಸಾರಿಸಿ ಕಣ ಮಾಡ್ತಿದ್ರು, ಗುಂಡು ಎಳೆಯೋಕೆ ಎತ್ತು ಇದ್ವು. ಈಗ ಎತ್ತಿಲ್ಲ, ಆಳು ಸಿಗಲ್ಲ. ಅರ್ಧ ಎಕರೆ ರಾಗಿಗೆ ಯಂತ್ರದ ಬಾಡಿಗೆ ಗಿಟ್ಟಲ್ಲ. ಉದ್ಯೋಗ ಖಾತರಿಯಲ್ಲಿ ಸಿಮೆಂಟಿನ ಒಕ್ಕಣೆ ಕಣ ಕಟ್ಟಿಸಿಕೊಂಡೋರು ಇದ್ದಾರೆ, ಎಲ್ಲರಿಗೂ ಆಗಿಲ್ಲ. ತಪ್ಪು ಅವರದ್ದೂ ಇರಬಹುದು. ಆದ್ರೆ ಮೊದಲ ಹಾಸು ನೋಡಿದ ಮೇಲೂ ಎರಡನೇದು ಇರಬಹುದು ಅಂತ ಹೊಳೆಯದೇ ಹೋಗಿದ್ದು ಆ ಊರಲ್ಲೇ ಹುಟ್ಟಿದಂಥ ನನಗೆ. ಸುಗ್ಗೀಲಿ ಯಾರಾದ್ರೂ ಒಬ್ಬರೇ ಒಕ್ಕಣೆ ಮಾಡ್ತಾರಾ?

ಮೈಸೂರು–ಕುಶಾಲನಗರ ನಾಲ್ಕು ಪಥದ ರಸ್ತೆಗೂ 2023ರ ಅದೇ ಮಾರ್ಚ್ 12ರಂದು ಶಂಕುಸ್ಥಾಪನೆ ಆಗಿದೆ. 92 ಕಿಲೋಮೀಟರ್, ಸುಮಾರು 4,130 ಕೋಟಿ ರೂಪಾಯಿ. ಅದು ಮುಗಿದ ದಿನ ನಾನೂ ಊರ ತನಕ ಕಾಲು ಮಡಚಿಕೊಂಡೇ ಹೋಗ್ತೀನೇನೋ. ಅಲ್ಲಿಯವರೆಗೆ ನನ್ನ ಪದ್ಧತಿ ಸರಳ. ಎಕ್ಸ್‌ಪ್ರೆಸ್‌ವೇಲಿ ಹಗಲು, ಮಳೆ ಇಲ್ಲದಾಗ, ಟ್ರಾಫಿಕ್ ತೆಳುವಿದ್ದಾಗ ಕ್ರೂಸ್ ಹಾಕ್ತೀನಿ. ರಾತ್ರಿ ಕೂಡ ಹಾಕ್ತೀನಿ, ಆಕಳಿಕೆ ಬರೋ ತನಕ. ಮಳೆಯಲ್ಲಿ ಬೇಡವೇ ಬೇಡ. ನೀರಿನ ಮೇಲೆ ಟೈರು ತೇಲಿದ್ರೆ ಕಾಲು ತಾನಾಗೇ ಆಕ್ಸಿಲರೇಟರ್ ಬಿಡುತ್ತೆ, ಕ್ರೂಸ್‌ಗೆ ಆ ಭಯ ಇಲ್ಲ. ಹಿನಕಲ್ ದಾಟಿದ ಮೇಲೆ ಆಫ್. ಬರೀ ಬ್ರೇಕ್ ಒತ್ತಿ ಬಿಡಿಸೋದಲ್ಲ, ಮೇನ್ ಗುಂಡಿಯನ್ನೇ ಆಫ್ ಮಾಡೋದು. ಇಲ್ಲಾಂದ್ರೆ ಹೆಬ್ಬೆರಳು ಸುಮ್ನಿರಲ್ಲ.

ಅಜ್ಜಿ ವಿಷಯ ಅರ್ಧಕ್ಕೆ ಬಿಟ್ಟೆ. ಅವರು ಪೊರಕೆ ಕೆಳಗಿಡಲಿಲ್ಲ, ಕೂಗಾಡಲಿಲ್ಲ. ಹತ್ರ ಬಂದು ಗ್ಲಾಸ್ ಇಳಿಸು ಅಂತ ಸನ್ನೆ ಮಾಡಿದ್ರು.

‘ಕಣ್ ಎಲ್ ಮಡಿಕಂಡಿದ್ದೆ ಮಗ?’

ಕಣ್ಣು ರಸ್ತೆ ಮೇಲೇ ಇತ್ತು. ಕಾಲು ಇರಲಿಲ್ಲ. ಅದನ್ನ ಅವರಿಗೆ ಹೇಗೆ ಹೇಳೋದು? ‘ತಪ್ಪಾಯ್ತು ಅಜ್ಜಿ’ ಅಂದೆ. ಕೈ ನಡುಗ್ತಿತ್ತು. ಯಾವೂರು ಅಂತ ಕೇಳಿದ್ರು, ಹೇಳಿದೆ. ಪಿರಿಯಾಪಟ್ಟಣದ ಕಡೆ ಅವರ ತಂಗಿ ಇದ್ದಾರಂತೆ, ಅದರ ಬಗ್ಗೆ ಎರಡು ಮಾತು. ಆಮೇಲೆ ಕಾರಿನ ಟೈರು ನೋಡಿ, ‘ಬಂದಿದ್ ಬಂದೆ. ಹಿಂದಕ್ ತಗಂಡು ಇನ್ನೊಂದೆರಡ್ ದಪ ಮ್ಯಾಲ್ ಓಡ್ಸು. ಬೆಳಿಗ್ಗಿಂದ ಲಾರಿಗಳೇ ಬಂದಿಲ್ಲ’ ಅಂದ್ರು.

ಫಸ್ಟ್ ಗೇರಲ್ಲಿ, ಅರ್ಧ ಕ್ಲಚ್ಚಲ್ಲಿ, ರಾಗಿ ತೆನೆ ಮೇಲೆ ಮುಂದೆ ಹಿಂದೆ ಮೂರು ಸಲ ಓಡಿಸಿದೆ. ಡ್ಯಾಶ್‌ಬೋರ್ಡಿನ ಮೂಲೇಲಿ 72 ಅಂತ ಬೂದು ಬಣ್ಣದಲ್ಲಿ ಇನ್ನೂ ಕಾಣ್ತಿತ್ತು. ಹೊರಗೆ ಅಜ್ಜಿ ಅಂಗೈ ಕೆಳಗೆ ಮಾಡಿ, ‘ಇನ್ನೂ ಮೆಲ್ಲಗೆ, ಇನ್ನೂ ಮೆಲ್ಲಗೆ’ ಅಂತಿದ್ರು.