ಮೀಸಲು ಮತ್ತು ಮಡಿ: ವೆಸ್ಲಿ ಪರಂಪರೆಯಲ್ಲಿ ಪವಿತ್ರೀಕರಣ

ವಿಶ್ವಾಸಿಯ ಬದುಕು ದಿನದಿಂದ ದಿನಕ್ಕೆ ದೇವರ ಸ್ವಭಾವಕ್ಕೆ ಒಗ್ಗಿಕೊಳ್ಳುತ್ತ ಹೋಗುವುದಕ್ಕೆ ಕ್ರೈಸ್ತ ದೇವಶಾಸ್ತ್ರ ಪವಿತ್ರೀಕರಣ ಎನ್ನುತ್ತದೆ. ಕನ್ನಡ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ‘ಪರಿಶುದ್ಧ’ ಎಂದಿರುವಲ್ಲಿ ಹೀಬ್ರೂ ಮೂಲದಲ್ಲಿ ಸಾಮಾನ್ಯವಾಗಿ ಇರುವುದು ‘ಕಾದೋಶ್’. ಕೊಳೆಯಿಲ್ಲದ್ದು ಎನ್ನುವುದಕ್ಕಿಂತ ದೇವರಿಗೆಂದು ತೆಗೆದಿರಿಸಿದ್ದು ಎಂಬುದು ಅದರ ಮುಖ್ಯ ಅರ್ಥ. ಅದಕ್ಕೆ ಕನ್ನಡದಲ್ಲಿ ತೀರ ಹತ್ತಿರದ ಮಾತು ‘ಮೀಸಲು’. ಶುದ್ಧ ಎಂದೊಡನೆ ಮಡಿ, ಮೈಲಿಗೆ ನೆನಪಾಗುತ್ತವೆ. ಮೀಸಲು ಎಂದರೆ ಇದು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಏಳುತ್ತದೆ. ಯಾಜಕಕಾಂಡದ 19ನೇ ಅಧ್ಯಾಯ ಪರಿಶುದ್ಧರಾಗಿರಿ ಎಂಬ ಆಜ್ಞೆಯಿಂದ ಹೊರಟು ಹೊಲದಂಚಿನ ಪೈರನ್ನು ಬಡವರಿಗೆ ಬಿಡುವುದಕ್ಕೆ, ಕೂಲಿಯವನ ಹಣವನ್ನು ಬೆಳಗಿನವರೆಗೆ ಇಟ್ಟುಕೊಳ್ಳದಿರುವುದಕ್ಕೆ, ತಕ್ಕಡಿ ಮತ್ತು ತೂಕದ ಕಲ್ಲಿಗೆ ಬಂದು ತಲುಪುತ್ತದೆ. ಪೌಲನೂ ಜಗಳಗಂಟ ಕೊರಿಂಥದ ಸಭೆಯನ್ನು ಪವಿತ್ರೀಕರಿಸಲ್ಪಟ್ಟವರೆಂದೇ ಕರೆಯುತ್ತಾನೆ. ಅವರು ದೇವರಿಗೆ ಸೇರಿದ್ದಾಗಿತ್ತು, ನಡತೆ ಇನ್ನೂ ತಿದ್ದಿಕೊಳ್ಳಬೇಕಿತ್ತು.

16ನೇ ಶತಮಾನದ ವಿವಾದ ಈ ಎರಡರ ಸಂಬಂಧದ ಮೇಲೆಯೇ ನಡೆಯಿತು. ಲೂಥರನಿಗೆ ವಿಶ್ವಾಸಿಯು ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಹೌದು. ಕ್ಯಾಲ್ವಿನ್ ನೀತೀಕರಣವನ್ನೂ (ದೇವರು ಪಾಪಿಯನ್ನು ನೀತಿವಂತನೆಂದು ಎಣಿಸುವುದನ್ನೂ) ಪವಿತ್ರೀಕರಣವನ್ನೂ ಬೇರ್ಪಡಿಸಲಾಗದ ಜೋಡಿ ವರಗಳೆಂದ. 1547ರಲ್ಲಿ ಟ್ರೆಂಟ್ ಮಹಾಸಭೆಯು ಒಳಗಿನ ಮನುಷ್ಯ ಹೊಸಬನಾಗುವುದೂ ನೀತೀಕರಣದ ಭಾಗವೆಂದು ಸಾರಿತು.

ಪ್ರಾಟೆಸ್ಟಂಟರಲ್ಲಿ ಈ ಸಿದ್ಧಾಂತವನ್ನು ಕೇಂದ್ರಕ್ಕೆ ತಂದವನು ಇಂಗ್ಲೆಂಡಿನ ಜಾನ್ ವೆಸ್ಲಿ (1703–1791). ದೇವರನ್ನೂ ನೆರೆಯವನನ್ನೂ ಪೂರ್ಣ ಮನಸ್ಸಿನಿಂದ ಪ್ರೀತಿಸುವ ಸ್ಥಿತಿ ಸಾಯುವ ಮೊದಲೇ ಸಾಧ್ಯ ಎಂಬುದು ಅವನ ವಾದ. ಇದನ್ನೇ ಅವನು ಕ್ರೈಸ್ತ ಪರಿಪೂರ್ಣತೆ ಎಂದು ಕರೆದು, 1766ರಲ್ಲಿ ಪುಸ್ತಕವಾಗಿ ವಿವರಿಸಿದ. ಅಜ್ಞಾನ, ತಪ್ಪು ತಿಳಿವಳಿಕೆ, ದೇಹದ ದೌರ್ಬಲ್ಯ ಕೊನೆಯವರೆಗೂ ಉಳಿಯುತ್ತವೆ ಎಂದು ಅವನು ಒಪ್ಪುತ್ತಿದ್ದ. ತಾನು ಪರಿಪೂರ್ಣನೆಂದು ಹೇಳಿಕೊಳ್ಳಲೂ ಇಲ್ಲ.

ಆದರೆ ವೆಸ್ಲಿಯ ನಿಜವಾದ ಕೊಡುಗೆ ಈ ವಾದಕ್ಕಿಂತ ಅದಕ್ಕೆ ಅವನು ಕಟ್ಟಿಕೊಟ್ಟ ವ್ಯವಸ್ಥೆ. 1742ರಲ್ಲಿ ಬ್ರಿಸ್ಟಲಿನ ಸಭಾಮಂದಿರದ ಸಾಲ ತೀರಿಸಲು ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡುವುದೆಂದಾಯಿತು. ಒಬ್ಬ ಮುಂದಾಳು ಹನ್ನೊಂದು ಮಂದಿಯ ಮನೆಗೆ ಹೋಗಿ ಅದನ್ನು ಎತ್ತಬೇಕು. ಕಾಸು ಎತ್ತಲು ಹೋದವರ ಕಣ್ಣಿಗೆ ಮನೆಯೊಳಗಿನ ಕುಡಿತ, ಜಗಳ, ಕಷ್ಟಗಳು ಬಿದ್ದವು. ಹಾಗೆ ಹುಟ್ಟಿದ್ದು ಕ್ಲಾಸ್ ಮೀಟಿಂಗ್. ಸುಮಾರು ಹನ್ನೆರಡು ಮಂದಿ ವಾರಕ್ಕೊಮ್ಮೆ ಕೂಡಿ, ತಮ್ಮ ಆತ್ಮದ ಸ್ಥಿತಿ ಹೇಗಿದೆಯೆಂದು ಒಬ್ಬರ ಮುಂದೊಬ್ಬರು ಹೇಳಿಕೊಳ್ಳುತ್ತಿದ್ದರು. ಮುಂದಾಳುಗಳಲ್ಲಿ ಹೆಂಗಸರಿದ್ದರು, ಕೈಕೆಲಸದವರಿದ್ದರು. 1743ರ ನಿಯಮಗಳು ಕೇಡು ಮಾಡದಿರುವುದು, ಒಳ್ಳೆಯದು ಮಾಡುವುದು, ಆರಾಧನೆ ತಪ್ಪಿಸದಿರುವುದು ಎಂಬ ಮೂರು ತಲೆಬರಹಗಳಲ್ಲಿ ಸುಂಕ ಕದ್ದ ಸರಕು ಕೊಳ್ಳುವುದನ್ನೂ ಅನ್ಯಾಯದ ಬಡ್ಡಿಯನ್ನೂ ಮುಟ್ಟಿದವು. ಯಾಜಕಕಾಂಡದ ತಕ್ಕಡಿ ಇಲ್ಲಿ ಮತ್ತೆ ಕೈಗೆ ಬಂದಂತಾಯಿತು. ಯಾರೂ ಒಬ್ಬಂಟಿಯಾಗಿ ಪವಿತ್ರರಾಗಲಾರರು ಎಂಬ ತಿಳಿವಳಿಕೆ ಈ ಪರಂಪರೆಯ ಅತ್ಯುತ್ತಮ ಭಾಗ.

ಸಿದ್ಧಾಂತದ ಬಿರುಕುಗಳು ಬೇಗನೆ ಕಾಣಿಸಿಕೊಂಡವು. ತಾನು ಪರಿಪೂರ್ಣನೆಂದುಕೊಂಡಿದ್ದ ಜಾರ್ಜ್ ಬೆಲ್ ಎಂಬ ಬೋಧಕ 1763ರ ಫೆಬ್ರುವರಿ 28ರಂದು ಲೋಕ ಮುಗಿಯುತ್ತದೆಂದು ಲಂಡನ್ನಿನಲ್ಲಿ ಸಾರಿದ. ವೆಸ್ಲಿ ಅವನನ್ನು ಬಹಿರಂಗವಾಗಿ ಅಲ್ಲಗಳೆಯಬೇಕಾಯಿತು. ಇದಕ್ಕಿಂತ ಆಳದ ತೊಡಕು ಪಾಪದ ವ್ಯಾಖ್ಯೆಯಲ್ಲಿತ್ತು. ಸರಿಯಾದ ಅರ್ಥದಲ್ಲಿ ಪಾಪವೆಂದರೆ ಗೊತ್ತಿದ್ದ ಆಜ್ಞೆಯನ್ನು ಬೇಕೆಂದೇ ಮೀರುವುದು ಎಂದು ವೆಸ್ಲಿ ಹೇಳಿದ. ಹೀಗೆಂದರೆ ಪರಿಪೂರ್ಣತೆ ಕೈಗೆಟಕುತ್ತದೆ ನಿಜ. ಆದರೆ ಇಡೀ ಸಮಾಜ ಪಾಪವೆಂದೇ ತಿಳಿಯದ ಪಾಪಗಳು ಲೆಕ್ಕದಿಂದ ಜಾರಿಹೋಗುತ್ತವೆ. ವೆಸ್ಲಿ ಸ್ವತಃ 1774ರಲ್ಲಿ ಗುಲಾಮಗಿರಿಯ ವಿರುದ್ಧ ಬರೆದಿದ್ದ. ಆದರೂ ಅವನ ಪರಂಪರೆಯವರಾದ ಅಮೆರಿಕದ ಮೆಥಡಿಸ್ಟರಲ್ಲಿ ಎಷ್ಟೋ ಮಂದಿ ಗುಲಾಮರನ್ನು ಇಟ್ಟುಕೊಂಡೇ ಪ್ರಾರ್ಥನೆ ಮಾಡಿದರು. 1844ರಲ್ಲಿ ಒಬ್ಬ ಬಿಷಪ್ಪನ ಗುಲಾಮರ ಪ್ರಶ್ನೆಯೇ ಸಭೆಯನ್ನು ಒಡೆಯುವ ಕಿಡಿಯಾಯಿತು. ಮನಸ್ಸಾಕ್ಷಿ ಚುಚ್ಚದಿರುವುದನ್ನೇ ಪಾವಿತ್ರ್ಯದ ಗುರುತೆಂದರೆ, ಜಡ್ಡುಗಟ್ಟಿದ ಮನಸ್ಸಾಕ್ಷಿಯೂ ಪವಿತ್ರವಾಗಿಬಿಡುತ್ತದೆ. ಜಾತಿಯ ನಾಡಿನ ಸಭೆಗಳು ಈ ಮಾತನ್ನು ಬೇರೆಯವರ ಕಥೆಯೆಂದು ಓದಲಾಗದು.

19ನೇ ಶತಮಾನದಲ್ಲಿ ನ್ಯೂಯಾರ್ಕಿನ ಫೀಬಿ ಪಾಮರ್ ದಾರಿಯನ್ನು ಚಿಕ್ಕದಾಗಿಸಿದಳು. ತನ್ನನ್ನು ಪೂರ್ತಿಯಾಗಿ ಬಲಿಪೀಠದ ಮೇಲಿಟ್ಟವನನ್ನು ಆ ಪೀಠವೇ ಪವಿತ್ರಗೊಳಿಸುತ್ತದೆ, ನಂಬಿ ಸಾಕ್ಷಿ ಹೇಳಿದರಾಯಿತು ಎಂಬುದು ಆಕೆಯ ಬೋಧನೆ. ಹೆಂಗಸರಿಗೆ ಸಭೆಯಲ್ಲಿ ದನಿ ಸಿಕ್ಕಿದ್ದರಲ್ಲಿ ಆಕೆಯ ಪಾಲು ದೊಡ್ಡದು. ಅದನ್ನು ಮರೆಯುವುದು ಅನ್ಯಾಯ. ಆದರೆ ವಾರವಾರದ ತಿದ್ದುಪಡಿಯ ಜಾಗಕ್ಕೆ ಒಂದು ಗಳಿಗೆಯ ಅನುಭವ ಬಂದು ಕೂತಿತು. 1867ರಲ್ಲಿ ನ್ಯೂಜೆರ್ಸಿಯ ವೈನ್‌ಲ್ಯಾಂಡಿನಿಂದ ಹಬ್ಬಿದ ಶಿಬಿರಕೂಟಗಳು ಅದನ್ನು ದೊಡ್ಡದು ಮಾಡಿದವು. ಅನುಭವ ಕಣ್ಣಿಗೆ ಕಾಣದ್ದರಿಂದ ಕಾಣುವ ಗುರುತುಗಳು ಬೇಕಾದವು: ಆಭರಣ ಬೇಡ, ನಾಟಕ ಬೇಡ, ತಂಬಾಕು ಬೇಡ. ಮೀಸಲು ಹೀಗೆ ಮಡಿಯಾಯಿತು. ಇಂಗ್ಲೆಂಡಿನ ಜೆ. ಸಿ. ರೈಲ್ 1870ರ ದಶಕದಲ್ಲಿ ಇಂಥ ದಿಢೀರ್ ಪಾವಿತ್ರ್ಯವನ್ನು ವಿರೋಧಿಸಿ, ಪವಿತ್ರೀಕರಣ ಜೀವನಪೂರ್ತಿಯ ಹೋರಾಟವೆಂದು ವಾದಿಸಿದ. ಈ ಒಂದು ವಿಷಯದಲ್ಲಿ ವೆಸ್ಲಿಯ ಹೆಸರು ಹೇಳುತ್ತಿದ್ದವರಿಗಿಂತ ಈ ಕ್ಯಾಲ್ವಿನ್‌ಪಂಥಿಯೇ ಕ್ಲಾಸ್ ಮೀಟಿಂಗಿಗೆ ಹತ್ತಿರವಿದ್ದ.

ಹಣದ ವಿಷಯದಲ್ಲೂ ಪರಂಪರೆ ಸೋತಿತು. ಆಕ್ಸ್‌ಫರ್ಡಿನಲ್ಲಿ ತನ್ನ ವರಮಾನ ವರ್ಷಕ್ಕೆ 30 ಪೌಂಡಿನಿಂದ ಏರುತ್ತ ಹೋದರೂ ವೆಸ್ಲಿ 28 ಪೌಂಡಿನಲ್ಲೇ ಬದುಕಿ ಉಳಿದದ್ದನ್ನು ಕೊಟ್ಟುಬಿಡುತ್ತಿದ್ದ. ಶಿಸ್ತಿನಿಂದ ದುಡಿದು ಮಿತವಾಗಿ ಬಾಳಿದ ಅನುಯಾಯಿಗಳು ಸಿರಿವಂತರಾದರು, ಕೊಡುವ ಕೈ ಮಾತ್ರ ಹಿಂದೆ ಸರಿಯಿತು. ಮುಪ್ಪಿನ ಪ್ರಸಂಗಗಳಲ್ಲಿ ವೆಸ್ಲಿ ಇದಕ್ಕಾಗಿ ಮತ್ತೆಮತ್ತೆ ಮರುಗಿದ್ದಾನೆ.

ಕರ್ನಾಟಕಕ್ಕೆ ಈ ಬಗೆಯ ಭಕ್ತಿ ಎರಡು ಕಡೆಯಿಂದ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಪಯಟಿಸಂ ಎಂಬ ಜರ್ಮನ್ ಭಕ್ತಿಪಂಥವನ್ನು ತಂದಿತು. ಬೆಂಗಳೂರು, ಮೈಸೂರುಗಳಲ್ಲಿ ವೆಸ್ಲಿಯನ್ ಮಿಶನ್ ನೆಲೆಯೂರಿತು. ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಕೂಡಿದವು. ಆ ಕಡೆಯಿಂದ ಬಂದ ಒಂದು ಆಸ್ತಿ ಒಡಂಬಡಿಕೆಯ ಆರಾಧನೆ. ವೆಸ್ಲಿ ಇದನ್ನು 1755ರಲ್ಲಿ ಲಂಡನ್ನಿನಲ್ಲಿ ಮೊದಲು ನಡೆಸಿದ. ಮೆಥಡಿಸ್ಟ್ ಮೂಲದ ಸಭೆಗಳಲ್ಲಿ ಇದು ಹೆಚ್ಚಾಗಿ ಹೊಸ ವರ್ಷದ ಆರಂಭಕ್ಕೆ ನಡೆಯುತ್ತದೆ. ಕೆಲಸಕ್ಕೆ ಹಚ್ಚಿದರೂ ಸರಿ, ಬದಿಗಿರಿಸಿದರೂ ಸರಿ, ತಾವು ತಮ್ಮವರಲ್ಲ ಎಂದು ಸಭೆಯೆಲ್ಲ ಕೂಡಿ ಒಪ್ಪಿಕೊಳ್ಳುತ್ತದೆ. ಅದರಲ್ಲಿ ಪರಿಪೂರ್ಣರೆಂದು ಹೇಳಿಕೊಳ್ಳುವವರು ಯಾರೂ ಇಲ್ಲ. ಮುಂದಿನ ವರ್ಷ ಅದೇ ಮಾತನ್ನು ಮತ್ತೆ ಹೇಳಬೇಕು.